ತೀರಿಹೋದ ಲೇಖಕರ ಲ್ಯಾಪ್‌ಟಾಪ್ ನಮ್ಮ ಸಂಗ್ರಹಕ್ಕೆ ಬಂದರೆ, ಅದರಲ್ಲಿರುವುದೆಲ್ಲ ನಮ್ಮದಾಗುತ್ತದೆಯೇ?

ಮನೆಯವರು ಲ್ಯಾಪ್‌ಟಾಪನ್ನೂ ಎರಡು ಹಾರ್ಡ್‌ಡಿಸ್ಕನ್ನೂ ಖುಷಿಯಿಂದ ಕೊಡುತ್ತಿದ್ದಾರೆ, ಇನ್ನೇನು ಬೇಕು ಎಂದು ಕೇಳಿದ್ದೀರಿ. ಬೇಕಾದದ್ದು ಜಾಸ್ತಿಯೇ ಇದೆ.

ಡಬ್ಬ ನಿಮ್ಮದಾಗುತ್ತದೆ. ಒಳಗಿನ ಬರಹದ ಹಕ್ಕು ಅದರ ಜೊತೆ ತಾನಾಗಿ ಬರುವುದಿಲ್ಲ. ಕಾಗದದ ಕಟ್ಟಿಗೂ ಇದೇ ನಿಯಮ. ಆದರೆ ಕಾಗದವನ್ನು ಒಣಗಿದ ಕಪಾಟಿನಲ್ಲಿಟ್ಟರೆ ಬಹುಕಾಲ ಉಳಿಯುತ್ತದೆ. ಫೈಲ್ ಉಳಿಯಬೇಕಾದರೆ ಮತ್ತೆ ಮತ್ತೆ ನಕಲು ಮಾಡಬೇಕು, ಹಳೇ ಫಾರ್ಮ್ಯಾಟಿನಿಂದ ಹೊಸದಕ್ಕೆ ಬದಲಿಸಬೇಕು. ನಕಲು ಮಾಡುವುದೇ ಹಕ್ಕುಸ್ವಾಮ್ಯಕ್ಕೆ ಸೇರಿದ ಕೆಲಸ. ಹಾಗಾಗಿ ದಾನಪತ್ರದಲ್ಲೇ ಅದಕ್ಕೆ ಅನುಮತಿ ಬರೆಸಿಕೊಳ್ಳಿ. ಓದುಗರಿಗೆ ಸಂಗ್ರಹದ ಕೋಣೆಯಲ್ಲಿ ಮಾತ್ರ ತೋರಿಸಬಹುದೋ, ಇಂಟರ್ನೆಟ್ಟಿನಲ್ಲೂ ಹಾಕಬಹುದೋ, ಅದನ್ನೂ ಬಿಡಿಸಿ ಬರೆಸಿ. ಸಹಿ ಹಾಕುವವರ ಕೈಯಲ್ಲೇ ಹಕ್ಕಿದೆಯೋ, ಪ್ರಕಾಶಕರ ಬಳಿ ಇದೆಯೋ ಎಂದು ಮೊದಲೇ ವಿಚಾರಿಸಿ.

ಲೇಖಕರಿಗೆ ಬಂದ ಇಮೇಲ್‌ಗಳ ಹಕ್ಕು ಅವನ್ನು ಬರೆದವರದು. ಮನೆಯವರು ಎಷ್ಟೇ ಒಪ್ಪಿದರೂ ಅದನ್ನು ಅವರು ಕೊಡಲಾರರು.

ಅಳಿಸಿದ ಫೈಲ್‌ಗಳ ಬಗ್ಗೆ ಯಾರೂ ಕೇಳುವುದಿಲ್ಲ, ನೀವು ದಯವಿಟ್ಟು ಕೇಳಿ. ಒಮ್ಮೆ ನಾನು ಒಬ್ಬ ಲೇಖಕರ ಡಿಸ್ಕಿನ ಪೂರ್ತಿ ಇಮೇಜ್, ಅಂದರೆ ಯಥಾವತ್ ನಕಲು, ತೆಗೆದೆ. ಪೂರ್ತಿ ಎಂದರೆ ಖಾಲಿ ಎಂದು ತೋರಿಸುವ ಜಾಗವೂ ಸೇರಿ. ಅಲ್ಲಿ ಅವರು ಮಗಳಿಗೆ ಬರೆಯಲು ಶುರು ಮಾಡಿ ಅಳಿಸಿದ ಪತ್ರ ಸಿಕ್ಕಿತು. ಎರಡು ಸಾಲು ಓದಿ ಮುಚ್ಚಿಬಿಟ್ಟೆ. ಅದು ನನಗೆ ಕೊಟ್ಟದ್ದೇ ಅಲ್ಲ ಅನ್ನಿಸಿತು. ಅಂದಿನಿಂದ, ಅಳಿಸಿದ್ದು ಸಿಕ್ಕರೆ ಇಟ್ಟುಕೊಳ್ಳಬೇಕೇ ಬೇಡವೇ ಎಂದು ದಾನಿಗಳನ್ನು ನೇರವಾಗಿ ಕೇಳುತ್ತೇನೆ, ಉತ್ತರವನ್ನು ದಾನಪತ್ರದಲ್ಲಿ ಸೇರಿಸುತ್ತೇನೆ.

ಮನೆಯವರು ಹಿಂಜರಿದರೆ ಒತ್ತಾಯ ಬೇಡ. ಕೆಲವು ಫೋಲ್ಡರ್‌ಗಳನ್ನು ಇಂತಿಷ್ಟು ವರ್ಷ ಮುಚ್ಚಿಡುತ್ತೇವೆ ಎಂದು ಬರೆದುಕೊಡಿ. ಸಲ್ಮಾನ್ ರಶ್ದಿಯವರ ಹಳೇ ಆಪಲ್ ಕಂಪ್ಯೂಟರ್‌ಗಳು ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿವೆ. ಆ ಸಂಗ್ರಹ 2010ರಲ್ಲಿ ಓದುಗರಿಗೆ ತೆರೆದಾಗಲೂ ಎಲ್ಲವನ್ನೂ ತೆರೆದಿರಲಿಲ್ಲ.

ಇನ್ನೊಂದು ವಿಷಯ. ಡಿಸ್ಕ್ ಕೈಗೆ ಬಂದ ತಕ್ಷಣ ಏನಿದೆ ನೋಡೋಣ ಅಂತ ಸುಮ್ನೆ ಜೋಡಿಸಬೇಡಿ. ಅಷ್ಟಕ್ಕೇ ಫೈಲ್‌ಗಳ ದಿನಾಂಕ ಬದಲಾಗಬಹುದು. ಕರಡು ಯಾವಾಗ ಬರೆದದ್ದು ಎಂಬ ಸಾಕ್ಷಿ ಹೋದರೆ ಮತ್ತೆ ಸಿಗದು. ರೈಟ್ ಬ್ಲಾಕರ್ (ಡಿಸ್ಕಿನ ಮೇಲೆ ಏನೂ ಬರೆಯದಂತೆ ತಡೆಯುವ ಸಾಧನ) ಹಾಕಿ ಇಮೇಜ್ ತೆಗೆಯಿರಿ, ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಎಂದು ತಾಳೆ ನೋಡುವ ಸಂಕೇತ) ಬರೆದಿಡಿ, ಆಮೇಲೆ ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಪಾಸ್‌ವರ್ಡ್‌ಗಳನ್ನು ಮಾತ್ರ ಈ ವಾರವೇ ಕೇಳಿಬಿಡಿ, ನೆನಪಿರುವವರು ಇರುವಾಗಲೇ.