ಬೂಟಿಗೆ ಹೊಡೆದ ಸ್ಪ್ರೇ, ಎದೆಗೆ ಇಳಿದ ಕೆಮ್ಮು

ಪ್ರಶ್ನೆ: ಡಾಕ್ಟ್ರೇ, ನಾವು ಮ್ಯೂನಿಕ್‌ನಲ್ಲಿದ್ದೇವೆ. ಹೋದ ಶನಿವಾರ ನಮ್ಮ ಮನೆಯವರು ಟ್ರೆಕ್ಕಿಂಗ್ ಬೂಟು, ಜಾಕೆಟ್‌ಗೆ ನೀರು ಹಿಡಿಯದಿರುವ ಸ್ಪ್ರೇ ಹೊಡೆದರು. ಹೊರಗೆ ಚಳಿ ಅಂತ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಹೊಡೆದರು. ಒಂದು ಗಂಟೆಯೊಳಗೆ ಒಣಕೆಮ್ಮು, ಎದೆ ಬಿಗಿತ, ರಾತ್ರಿ ಚಳಿಜ್ವರ. ಎರಡು ದಿನಕ್ಕೆ ತಾನಾಗೇ ಕಡಿಮೆಯಾಯಿತು. ಫ್ಲೂ ಇರಬೇಕು ಅಂತಾರೆ. ನನಗೆ ಸ್ಪ್ರೇ ಮೇಲೇ ಅನುಮಾನ. ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿದೆ, ಏನು ಮಾಡೋದು?

ಉತ್ತರ: ನನ್ನ ವೋಟು ನಿಮ್ಮ ಅನುಮಾನಕ್ಕೇ. ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಸ್ಪ್ರೇ ಹೊಡೆದ ಗಂಟೆಯೊಳಗೆ ಕೆಮ್ಮು, ಆಮೇಲೆ ಜ್ವರ, ಒಂದೆರಡು ದಿನಕ್ಕೆ ಇಳಿತ: ಇದು ಈ ತೊಂದರೆಯ ಮಾಮೂಲಿ ದಾರಿ. ಜ್ವರ ಬರುವುದರಿಂದಲೇ ಎಷ್ಟೋ ಜನ ಫ್ಲೂ ಅಂದುಕೊಂಡು ಸುಮ್ನಾಗುತ್ತಾರೆ.

ಶ್ವಾಸಕೋಶದ ತುದಿಯ ಗಾಳಿಚೀಲಗಳ ಒಳಗೆ ಸರ್ಫ್ಯಾಕ್ಟಂಟ್ ಎಂಬ ತೆಳು ಪದರ ಇರುತ್ತದೆ. ಸೋಪಿನ ನೀರಿನ ಹಾಗೆ ಅಂದುಕೊಳ್ಳಿ. ಒದ್ದೆ ಪ್ಲಾಸ್ಟಿಕ್ ಕವರಿನ ಬಾಯಿ ಅಂಟಿಕೊಂಡರೆ ಬಿಡಿಸೋಕೆ ಎಷ್ಟು ಒದ್ದಾಡುತ್ತೇವೆ ಅಲ್ವಾ? ಈ ಪದರ ಇಲ್ಲದಿದ್ದರೆ ಗಾಳಿಚೀಲಗಳ ಗತಿಯೂ ಅದೇ. ಬೂಟಿನ ಮೇಲೆ ನೀರು ನಿಲ್ಲದಂತೆ ಮಾಡುವ ಫ್ಲೋರೋಪಾಲಿಮರ್ ಅಲ್ಲಿಗೆ ತಲುಪಿದರೆ ಆ ಪದರವನ್ನೇ ಕೆಡಿಸುತ್ತದೆ. ಚೀಲಗಳು ಮುಚ್ಚಿಕೊಳ್ಳುತ್ತವೆ, ಕೆಲವರಿಗೆ ನೀರೂ ತುಂಬುತ್ತದೆ.

ಆದರೆ ಅದು ಅಲ್ಲಿಗೆ ತಲುಪಬೇಕಲ್ಲ. ಅದಕ್ಕೆ ಹನಿ ಸುಮಾರು 10 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣದಿರಬೇಕು. ಕೈಯಲ್ಲಿ ಒತ್ತುವ ಪಂಪ್ ಬಾಟಲಿಯ ಹನಿ ದಪ್ಪ, ಬೇಗ ನೆಲಕ್ಕೆ ಬೀಳುತ್ತದೆ. ಗ್ಯಾಸ್ ತುಂಬಿದ ಡಬ್ಬಿಯ ಮಂಜು ಗಾಳಿಯಲ್ಲೇ ತೇಲುತ್ತಿರುತ್ತದೆ. ನೀವಿರುವ ದೇಶದಲ್ಲೇ 2006ರ ಮಾರ್ಚ್‌ನಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಗಾಜು, ಬಾತ್‌ರೂಮಿಗೆ ಹೊಡೆಯುವ 'ಮ್ಯಾಜಿಕ್ ನ್ಯಾನೋ' ಪಂಪ್ ಬಾಟಲಿಯಲ್ಲಿದ್ದಾಗ ತಕರಾರಿರಲಿಲ್ಲ. ಗ್ಯಾಸ್ ಡಬ್ಬಿಯಲ್ಲಿ ಬಂದ ಕೆಲವೇ ದಿನಗಳಲ್ಲಿ ಸುಮಾರು 100 ಜನಕ್ಕೆ ಉಸಿರಿನ ತೊಂದರೆ, ಆರು ಮಂದಿ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆಗೆ. ತಮಾಷೆ ಅಂದರೆ, ಪರೀಕ್ಷಿಸಿದಾಗ ಅದರಲ್ಲಿ ನ್ಯಾನೋ ಕಣಗಳೇ ಸಿಗಲಿಲ್ಲ!

ನಿಮ್ಮವರು ಈಗ ಪೂರ್ತಿ ಆರಾಮಾಗಿದ್ದರೆ ಹೆದರಬೇಡಿ, ಬಹುತೇಕರು ಹೀಗೇ ಚೇತರಿಸಿಕೊಳ್ಳುತ್ತಾರೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದರೆ ಮಾತ್ರ ಒಮ್ಮೆ ತೋರಿಸಿ. ಹೋಗುವಾಗ ಡಬ್ಬಿಯ ಫೋಟೋ ಇರಲಿ. ಜ್ವರ, ಕೆಮ್ಮು ಅಂದರೆ ಸ್ಪ್ರೇ ಬಗ್ಗೆ ಯಾವ ಡಾಕ್ಟರೂ ಕೇಳುವುದಿಲ್ಲ, ನೀವೇ ಹೇಳಬೇಕು. ಇದಕ್ಕೆ ಪ್ರತ್ಯೇಕ ಮದ್ದಿಲ್ಲ. ಆಕ್ಸಿಜನ್ ಕೊಟ್ಟು ನಿಗಾ ಇಡುವುದೇ ಮುಖ್ಯ ಚಿಕಿತ್ಸೆ. ಮುಂದೆಂದಾದರೂ ಉಸಿರು ಸಿಗದಂತಾದರೆ ಬೆಳಗಾಗಲಿ ಅಂತ ಕಾಯದೆ 112ಕ್ಕೆ ಫೋನ್ ಮಾಡಿ.

ಉಳಿದ ಅರ್ಧ ಡಬ್ಬಿಯನ್ನು ನಾನಾದರೆ ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆ ಕೊಟ್ಟುಬಿಡುತ್ತಿದ್ದೆ. ಬಳಸಲೇಬೇಕಾದರೆ ಮನೆಯಿಂದ ಹೊರಗೆ, ಗಾಳಿಗೆ ಬೆನ್ನು ಮಾಡಿ ಹೊಡೆಯಲಿ. ಒಣಗುವವರೆಗೂ ಬೂಟು ಹೊರಗೇ ಇರಲಿ, ಆ ಹೊತ್ತಿಗೆ ಸಿಗರೇಟು ಬೇಡ. ಬಟ್ಟೆಯ ಮಾಸ್ಕ್ ನಂಬಬೇಡಿ, ಈ ಮಂಜಿಗೆ ಅದು ಜರಡಿ ಇದ್ದ ಹಾಗೆ. ಚರ್ಮದ ಬೂಟಾದರೆ ಮೇಣ ತಂದು ಹಳೇ ಬನಿಯನ್ ತುಂಡಿನಲ್ಲಿ ತಿಕ್ಕಲಿ. ಕೈ ನೋಯುತ್ತದೆ, ಅಷ್ಟೇ.