ನೀರು ಕುಡಿಯುವುದನ್ನು ಬಿಟ್ಟ ಅತ್ತೆ

ನನ್ನ ಬಳಿ ಕೌನ್ಸೆಲಿಂಗ್‌ಗೆ ಮೊದಲು ಒಬ್ಬರೇ ಬಂದವರು ಮಗ. "ಅಮ್ಮ ಹಟಕ್ಕೆ ಬಿದ್ದಿದ್ದಾರೆ ಮೇಡಂ. ಸಂಜೆಯಾದ್ರೆ ಕಾಫಿ ಬೇಡ, ಸಾರು ಬೇಡ. ಎರಡು ತುತ್ತು ಮೊಸರನ್ನ, ಅಷ್ಟೇ. ತಾನು ಮಾಡಿದ್ದಕ್ಕೇ ತಿನ್ನಲ್ಲ ಅಂತ ನನ್ನ ಹೆಂಡತಿ ಅಳ್ತಾಳೆ."

ಅವರನ್ನು ಮಂಜುನಾಥ್ ಎನ್ನೋಣ. ಹೆಂಡತಿ ಸುಧಾ, ತಾಯಿ ಸಾವಿತ್ರಮ್ಮ, 71 ವರ್ಷ. ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ. ಮೈಸೂರಿನಲ್ಲಿ ಹಳೆಯ ಮನೆ, ರೆಡ್ ಆಕ್ಸೈಡ್ ನೆಲ. ಎರಡು ಬಾತ್‌ರೂಮ್, ಅಡುಗೆಮನೆ, ಪೂರ್ತಿ ನೆಲ, ಮೇಲೊಂದು ರೂಮು, ಎಲ್ಲದರ ರಿಪೇರಿ ಕೆಲಸ ಒಟ್ಟಿಗೇ ಶುರುವಾಗಿತ್ತು. ಬಾಡಿಗೆ ಮನೆಗೆ ಅಡ್ವಾನ್ಸ್ ಯಾಕೆ ದಂಡ ಅಂತ ಅಲ್ಲೇ ಉಳಿದಿದ್ದರು. ಮೇಸ್ತ್ರಿ ಹೇಳಿದ್ದು ಮೂರು ತಿಂಗಳು. ಐದನೆಯ ತಿಂಗಳು ನಡೆಯುತ್ತಿತ್ತು.

ನಾನೂ ಇದನ್ನು ಅತ್ತೆ ಸೊಸೆ ಜಗಳ ಎಂದೇ ಬರೆದುಕೊಂಡೆ. ಆ ಪುಟ ಈಗಲೂ ಇದೆ, ನೋಡಿದರೆ ನಾಚಿಕೆಯಾಗುತ್ತದೆ.

ಮುಂದಿನ ವಾರ ಮೂವರೂ ಬಂದರು. ಸುಧಾ ಮನೆಯಿಂದಲೇ ಆಫೀಸ್ ಕೆಲಸ ಮಾಡುವವರು. ಮೀಟಿಂಗ್ ಮಧ್ಯೆ "ಮೇಡಂ, ಸಿಮೆಂಟ್ ಮುಗೀತು", "ಮೇಡಂ, ಈ ಪಾಯಿಂಟ್ ಎಲ್ಲಿ ಕೊಡ್ಲಿ?" ಟೈಲ್ಸ್ ಕತ್ತರಿಸುವ ಸದ್ದಿಗೆ ಕಿವಿ ಮುಚ್ಚಿಕೊಂಡು ಏನೋ ಒಂದು ಹೇಳುತ್ತಿದ್ದರು. ಸಂಜೆ ಏಳಕ್ಕೆ ಮಂಜುನಾಥ್ ಬಂದು, ಟಾರ್ಚ್ ಹಿಡಿದು ಎಲ್ಲ ನೋಡಿ, "ಇದನ್ನ ಯಾಕೆ ಇಲ್ಲಿ ಕೊಡಿಸ್ದೆ?" ಎನ್ನುತ್ತಿದ್ದರು. ಇದನ್ನು ಹೇಳುವಾಗ ಸುಧಾ ಅಳಲಿಲ್ಲ. ಸುಮ್ನೆ ಗಂಡನ ಮುಖ ನೋಡಿದರು.

ಸಾವಿತ್ರಮ್ಮ ಬಾಯಿ ಬಿಡಲಿಲ್ಲ. ಜಗಳದ ವಿಷಯ ಬಿಟ್ಟು ನಾನು ಬೇರೆ ಕೇಳಿದೆ: ಯಾರು ಎಲ್ಲಿ ಮಲಗ್ತೀರಿ, ಎಲ್ಲಿ ಕೂತು ತಿಂಡಿ ತಿಂತೀರಿ, ರಾತ್ರಿ ಎಚ್ಚರವಾದ್ರೆ ಬಾತ್‌ರೂಮಿಗೆ ಎಲ್ಲಿಗೆ ಹೋಗ್ತೀರಿ?

ಕೊನೆಯ ಪ್ರಶ್ನೆಗೆ ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ಎರಡೂ ಬಾತ್‌ರೂಮು ಒಡೆದಾಗಿತ್ತು. ಹಗಲು ಪಕ್ಕದ ಮನೆ. ರಾತ್ರಿ ಹಿತ್ತಲಲ್ಲಿ ಕೆಲಸದವರಿಗೆಂದು ತಗಡು ಹೊಡೆದು ಮಾಡಿದ್ದು. ಅಲ್ಲಿಗೆ ಹೋಗಲು ಎಂ-ಸ್ಯಾಂಡ್ ಮರಳಿನ ರಾಶಿ ಬಳಸಿಕೊಂಡು, ಹಲಗೆಯೊಂದರ ಮೇಲೆ ನಡೆಯಬೇಕು.

"ನಾಲ್ಕು ಗಂಟೆ ಮೇಲೆ ನೀರು ಕುಡಿಯಲ್ಲಮ್ಮ. ಕುಡಿದ್ರೆ ತಾನೇ ಏಳಬೇಕು?" ಎಂದರು ಸಾವಿತ್ರಮ್ಮ. ಆಮೇಲೆ ಇನ್ನೂ ಮೆತ್ತಗೆ, "ಆ ಬಿಪಿ ಮಾತ್ರೆ ನುಂಗಿದ್ರೆ ಜಾಸ್ತಿ ಬರುತ್ತೆ. ಅದನ್ನೂ ಬಿಟ್ಟಿದೀನಿ."

ಸುಧಾ ಎದ್ದು ಹೋಗಿ ಅವರ ಪಕ್ಕ ಕೂತರು.

ಅವತ್ತು ನಾನು ಬೇರೆ ಸಲಹೆ ಕೊಡಲಿಲ್ಲ. ಇಲ್ಲಿಂದ ಸೀದಾ ಅವರ ಡಾಕ್ಟರ ಬಳಿ ಹೋಗಿ ಎಂದೆ. ಮೂತ್ರದಲ್ಲಿ ಸೋಂಕಿತ್ತು, ಬಿಪಿಯೂ ಏರಿತ್ತು. ವಯಸ್ಸಾದವರಲ್ಲಿ ಇಂಥ ಸೋಂಕು ಕೆಲವೊಮ್ಮೆ ಜ್ವರವಿಲ್ಲದೆ ಬರೀ ಸುಸ್ತು, ಸಿಡುಕು, ಗಲಿಬಿಲಿಯಾಗಿ ಕಾಣಿಸಿಕೊಳ್ಳುತ್ತದೆ. ಮನೆಯವರು ಅದಕ್ಕೆ ಹಟ ಎಂದು ಹೆಸರಿಡುತ್ತಾರೆ.

ಆಮೇಲಿನ ಸಲಹೆಗಳಲ್ಲಿ ಮನಶ್ಶಾಸ್ತ್ರ ಕಡಿಮೆ, ಗಾರೆ ಕೆಲಸವೇ ಜಾಸ್ತಿ. ಮಿಕ್ಕಿದ್ದೆಲ್ಲ ನಿಲ್ಲಿಸಿ, ಒಂದು ಬಾತ್‌ರೂಮ್ ಮೊದಲು ಮುಗಿಸಿ. ಅವಸರದಲ್ಲಿ ವಾಟರ್‌ಪ್ರೂಫಿಂಗ್ ಪರೀಕ್ಷೆ ಮಾತ್ರ ಬಿಡಬೇಡಿ. ಟೈಲ್ಸ್ ಹಾಕುವ ಮೊದಲು ಒಂದು ದಿನವಾದರೂ ನೀರು ಕಟ್ಟಿ ನಿಲ್ಲಿಸಿ ನೋಡಿ, ಇಲ್ಲದಿದ್ದರೆ ಆರು ತಿಂಗಳಿಗೆ ಮತ್ತೆ ಒಡೆಸುತ್ತೀರಿ. ಅಲ್ಲಿಯವರೆಗೆ ರಾತ್ರಿಗೆ ಅತ್ತೆಯ ರೂಮಿನಲ್ಲೇ ಕಮೋಡ್ ಕುರ್ಚಿ ಇಡಿ. ಸಾವಿತ್ರಮ್ಮ ಮುಖ ಸಿಂಡರಿಸಿದರು, ಆದರೆ ಒಪ್ಪಿದರು. ಟೈಲ್ಸ್, ಗ್ರಾನೈಟ್ ಕತ್ತರಿಸುವುದು ಮನೆಯ ಹೊರಗೆ, ನೀರು ಬಿಟ್ಟುಕೊಂಡೇ ಆಗಬೇಕು. ಆ ಬಿಳಿ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮನೆಯವರಿಗಿಂತ ಮೊದಲು ಅದನ್ನು ಕುಡಿಯುವವರು ಕತ್ತರಿಸುವ ಹುಡುಗರು.

ಮಂಜುನಾಥ್‌ಗೆ ಹೇಳಿದ್ದು ಒಂದೇ ಮಾತು. ಮೇಸ್ತ್ರಿ ಜೊತೆ ಮಾತಾಡುವವರು ಇನ್ನು ನೀವೇ. ಬೆಳಿಗ್ಗೆ ಅರ್ಧ ಗಂಟೆ ತಡವಾಗಿ ಹೊರಡಿ, ಅಂದಿನ ಕೆಲಸ ನೀವೇ ಹೇಳಿ, ದುಡ್ಡನ್ನು ವಾರಕ್ಕಲ್ಲ, ಮುಗಿದ ಹಂತಕ್ಕೆ ಕೊಡಿ. ಸುಧಾ ಕೊಟ್ಟ ತೀರ್ಮಾನಕ್ಕೆ ಸಂಜೆ ಮಾರ್ಕ್ಸ್ ಹಾಕುವುದು ಬೇಡ. ಅವರು ಸ್ವಲ್ಪ ಕೆಂಪಾದರು. ಅದು ಒಳ್ಳೆಯ ಲಕ್ಷಣ ಅನ್ನಿಸಿತು ನನಗೆ.

ನೆಲದ ವಿಷಯ ತೆಗೆದವರು ಸುಧಾ. ಸಾವಿತ್ರಮ್ಮ ಮದುವೆಯಾಗಿ ಬಂದಾಗಿನಿಂದ ಒರೆಸಿ ಒರೆಸಿ ಕನ್ನಡಿಯಾಗಿದ್ದ ಆ ಕೆಂಪು ನೆಲ ಒಡೆಯುವ ಮುಂಚೆ ಅವರನ್ನು ಒಂದು ಮಾತು ಕೇಳಿರಲಿಲ್ಲವಂತೆ. ಅವರ ರೂಮು, ದೇವರಮನೆಯ ನೆಲ ಇನ್ನೂ ಉಳಿದಿತ್ತು. "ಅದನ್ನ ಮುಟ್ಟಿಸಲ್ಲ ಅತ್ತೆ," ಎಂದರು ಸುಧಾ. ಮಂಜುನಾಥ್ ಲೆವೆಲ್ ವ್ಯತ್ಯಾಸ ಬರುತ್ತೆ ಎಂದರು. ಹೊಸಿಲು ಇದೆಯಲ್ಲ, ಅಲ್ಲಿಗೆ ಸರಿಹೋಗುತ್ತೆ ಎಂದು ಅಮ್ಮನೇ ದಾರಿ ತೋರಿಸಿದರು.

ಯುಗಾದಿಗೆ ಊರಿಗೆ ಹೋದ ಕೆಲಸದವರು ಹತ್ತು ದಿನ ಬರಲಿಲ್ಲ. ಮನೆಯಲ್ಲಿ ಮತ್ತೆ ಸಿಡಿಮಿಡಿ, ಮತ್ತೆ ಅಳು. ಅದೆಲ್ಲ ನಿಂತಿತೆಂದು ನಾನು ಹೇಳುತ್ತಿಲ್ಲ.

ತಿಂಗಳ ನಂತರ ಸಾವಿತ್ರಮ್ಮನೇ ಫೋನ್ ಮಾಡಿದರು. ಮಾತ್ರೆ ತಗೋತಿದೀನಿ, ನೀರೂ ಕುಡೀತಿದೀನಿ ಎಂದರು. ಬಾತ್‌ರೂಮ್ ಮುಗಿಯಿತಾ ಎಂದೆ.

"ಆಯ್ತಮ್ಮ. ಬಾಗಿಲೂ ಹಾಕಿದ್ರು. ಚಿಲಕ ಮಾತ್ರ ನಾಳೆ, ನಾಳೆ ಅಂತಾನೆ ಮೇಸ್ತ್ರಿ. ಅದಕ್ಕೇ ಒಳಗೆ ಹೋದಾಗೆಲ್ಲ ಜೋರಾಗಿ ದೇವರನಾಮ ಹೇಳ್ತೀನಿ."