ನಮ್ಮೂರ ಹಳೇ ಪೇಟೆ ಸೊರಗ್ತಿದೆ. ಮಾಸ್ಟರ್ ಪ್ಲಾನ್‌ನಲ್ಲಿ ಏನಿದ್ದರೆ ಅದು ಚೇತರಿಸಿಕೊಳ್ಳುತ್ತೆ?

ನಿಮ್ಮದು ಜಿಲ್ಲಾ ಕೇಂದ್ರ, ಯೋಜನಾ ಪ್ರಾಧಿಕಾರ ಹೊಸ ಮಹಾಯೋಜನೆಯ (ಮಾಸ್ಟರ್ ಪ್ಲಾನ್‌ನ) ಕರಡು ಹೊರಡಿಸಿದೆ, ಅದರಲ್ಲಿ ‘ಹಳೇ ಪೇಟೆ ಪುನರುಜ್ಜೀವನ’ ಅಂತ ಎರಡು ಪುಟ ಇದೆ, ಕಲ್ಲುಹಾಸು, ದೀಪದ ಕಂಬ, ಕಮಾನಿನ ಚಿತ್ರ ಹಾಕಿದ್ದಾರೆ ಅಂತ ಬರೆದಿದ್ದೀರಿ. ಇದು ಸಾಕಾ, ಆಕ್ಷೇಪಣೆ ಕೊಡೋದಾದರೆ ಏನು ಬರೆಯಬೇಕು ಅನ್ನೋದು ಪ್ರಶ್ನೆ.

ಆ ಎರಡು ಪುಟ ಸದ್ಯಕ್ಕೆ ಮುಚ್ಚಿಡಿ. ಪೇಟೆಯ ಹಣೆಬರಹ ಇರೋದು ಉಳಿದ ಪುಟಗಳಲ್ಲಿ. ಹೊಸ ಬಸ್ ನಿಲ್ದಾಣ ಎಲ್ಲಿ ಬರುತ್ತೆ, ತಾಲ್ಲೂಕು ಕಚೇರಿ ಎಲ್ಲಿಗೆ ಹೋಗುತ್ತೆ, ಕೋರ್ಟಿಗೆ ಯಾವ ಸರ್ವೆ ನಂಬರ್ ಗುರುತಿಸಿದ್ದಾರೆ, ಬೈಪಾಸ್ ಬದಿಗೆ ಎಷ್ಟು ನೀಲಿ ಬಳಿದಿದ್ದಾರೆ ನೋಡಿ (ನಮ್ಮ ಭೂ ಉಪಯೋಗ ನಕ್ಷೆಗಳಲ್ಲಿ ವಾಣಿಜ್ಯ ಅಂದರೆ ನೀಲಿ). ಪಹಣಿ ತಿದ್ದುಪಡಿಗೆ ಅಂತ ಹಳ್ಳಿಯಿಂದ ಬಂದವರು, ಸಾಹೇಬರು ಊಟ ಮುಗಿಸಿ ಬರೋವರೆಗೆ ಪೇಟೆ ಸುತ್ತುತ್ತಾರೆ. ಸೀರೆ ನೋಡ್ತಾರೆ, ಕುಡುಗೋಲು ಕೊಳ್ತಾರೆ, ಮಗುವಿಗೆ ಚಪ್ಪಲಿ ಹಾಕಿಸಿ ನೋಡ್ತಾರೆ. ಕಚೇರಿ ಊರಾಚೆ ಹೋಯ್ತು ಅಂದರೆ ಆ ಗಿರಾಕಿ ಬೈಪಾಸಲ್ಲೇ ಇಳಿದು, ಬೈಪಾಸಲ್ಲೇ ಬಸ್ ಹತ್ತುತ್ತಾನೆ. ಆಮೇಲೆ ಪೇಟೆಯಲ್ಲಿ ಎಂಥ ಕಮಾನು ಕಟ್ಟಿ ಏನು?

ನಾನು ಹಿಂದೆ ಇಂಥದೇ ಒಂದು ಊರಿನ ಯೋಜನೆಗೆ ಭೂ ಬಳಕೆ ಸರ್ವೆ ಮಾಡಿದ್ದೆ. ಪಾತ್ರೆ ಅಂಗಡಿಯೊಂದರ ಒಳಗೆ ಹೋದರೆ ಹಿತ್ತಾಳೆ ಕೊಡಗಳ ಹಿಂದೆ ಪಡಸಾಲೆ, ಅದರಾಚೆ ತೆರೆದ ಅಂಗಳ, ಮುಚ್ಚಿದ ಬಾವಿ, ಅಡುಗೆಮನೆ. ಅಟ್ಟದ ಮೇಲೆ ಗೋಡೌನ್. ಹದಿನಾಲ್ಕು ಅಡಿ ಅಗಲ, ಉದ್ದ ಮಾತ್ರ ಹಿಂದಿನ ಓಣಿಯವರೆಗೆ. ನನ್ನ ಫಾರಂನಲ್ಲಿ ಟಿಕ್ ಹಾಕೋಕೆ ಇದ್ದದ್ದು ಒಂದೇ ಚೌಕ. ‘ವಾಣಿಜ್ಯ’ ಅಂತ ಹಾಕಿದೆ. ಅಲ್ಲಿಗೆ ಆ ಮನೆ ನಕ್ಷೆಯಿಂದ ಅಳಿಸಿಹೋಯ್ತು. ಅದಕ್ಕೇ ಹೇಳ್ತೀನಿ, ಪೇಟೆಗೆ ಮಿಶ್ರ ಬಳಕೆ (ಅಂಗಡಿ, ಮನೆ ಎರಡೂ) ಅಂತ ಬರೆಸಿ. ರಾತ್ರಿ ಮನೆಗಳಲ್ಲಿ ದೀಪ ಉರಿಯದ ಪೇಟೆ ಎಂಟು ಗಂಟೆಗೇ ಸ್ಮಶಾನ ಆಗುತ್ತೆ.

ಆ ಅಂಗಡಿ ಯಜಮಾನರನ್ನ ಕೇಳಿದೆ, ಗೋಡೆ ಇಷ್ಟು ಉದುರಿದೆಯಲ್ಲ, ಯಾಕೆ ರಿಪೇರಿ ಮಾಡಿಸಿಲ್ಲ? ಅವರು ಜಗಲಿಯಿಂದ ಒಳಕ್ಕೆ ಒಂದು ಕಂಬ ತೋರಿಸಿ, “ಇಲ್ಲಿತನಕ ರಸ್ತೆಗೆ ಹೋಗುತ್ತಂತಲ್ಲ” ಅಂದರು. ಹಿಂದಿನ ಮಹಾಯೋಜನೆಯಲ್ಲಿ ಎಳೆದ ಅಗಲೀಕರಣದ ಗೆರೆ ಅದು. ರಸ್ತೆ ಅಗಲ ಆಗಲಿಲ್ಲ, ಗೆರೆಯೂ ಅಳಿಸಲಿಲ್ಲ. ಹೋಗೋ ಮನೆಗೆ ಯಾರು ಸುಣ್ಣ ಹೊಡೆಸ್ತಾರೆ? ಜಾಗಕ್ಕೆ ಬದಲಾಗಿ ಟಿಡಿಆರ್ ಪತ್ರ (ಬೇರೆ ಕಡೆ ಹೆಚ್ಚುವರಿಯಾಗಿ ಕಟ್ಟೋ ಹಕ್ಕು, ಮಾರಲೂಬಹುದು) ಕೊಡ್ತೀವಿ ಅಂದರೆ ಸಣ್ಣ ಊರಲ್ಲಿ ಅದನ್ನ ಕೊಳ್ಳೋರು ಸಿಗಬೇಕಲ್ಲ. ಧೈರ್ಯ ಮಾಡಿ ಹೊಸದಾಗಿ ಕಟ್ಟೋಣ ಅಂದರೆ, ಗೋಡೆಗೆ ಗೋಡೆ ಅಂಟಿರೋ ಜಾಗದಲ್ಲಿ ಸುತ್ತ ಖಾಲಿ ಜಾಗ (ಸೆಟ್‌ಬ್ಯಾಕ್) ಬಿಡಿ, ಕಾರು ನಿಲ್ಲಿಸೋಕೆ ಜಾಗ ತೋರಿಸಿ ಅಂತಾರೆ. ಬಡಾವಣೆ ಸೈಟಿನ ಅಳತೆಯನ್ನ ಪೇಟೆ ಮನೆಗೆ ಹಿಡಿದರೆ ಆಗೋದು ಎರಡೇ: ಮನೆ ಬೀಳುತ್ತೆ, ಇಲ್ಲಾಂದ್ರೆ ಲೈಸೆನ್ಸ್ ಇಲ್ಲದೆ ಏಳುತ್ತೆ. ನನ್ನ ಲೆಕ್ಕದಲ್ಲಿ ನೀವು ಜಗಳ ಮಾಡಬೇಕಾದದ್ದು ಇದೊಂದಕ್ಕೇ. ಪೇಟೆಗೆ ಪ್ರತ್ಯೇಕ ವಲಯ ನಿಯಮ ಕೇಳಿ, ಅಗಲೀಕರಣದ ಗೆರೆ ತೆಗೆಸಿ.

ಹಾಗಾದರೆ ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಲ್ಲು ಹಾಸಿದ ಮೇಲೆ ಹೇಗೆ ಕಳೆಕಟ್ಟಿತು ಅಂತ ಕೇಳಬಹುದು. 2018ರಲ್ಲಿ ಆ ಬೀದಿ ಹೊಸ ರೂಪ ಪಡೆದದ್ದು ನಿಜ, 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ನಿಲ್ಲಿಸಿದಾಗ ಜನ ತುಂಬಿದ್ದೂ ನಿಜ. ಆದರೆ ಪುಸ್ತಕದಂಗಡಿ, ಹೋಟೆಲು, ಆಫೀಸು ಅಲ್ಲಿ ಮೊದಲೇ ಇದ್ದವು, ಎಂ.ಜಿ. ರಸ್ತೆಯ ಮೆಟ್ರೋ 2011ರಿಂದಲೇ ಪಕ್ಕದಲ್ಲಿ ಜನ ಇಳಿಸ್ತಿತ್ತು. ಕಲ್ಲುಹಾಸು ಬಂದದ್ದು ಕೊನೆಗೆ. ನಿಮ್ಮೂರಲ್ಲಿ ಅದರಿಂದಲೇ ಶುರು ಮಾಡ್ತಿದ್ದಾರೆ.

ನಗರಸಭೆಯದೇ ಹಳೇ ಮಾರ್ಕೆಟ್ ಕಟ್ಟಡ ಇದ್ದರೆ ಅದರ ರಿಪೇರಿಗೆ ಹಣ, ಹೊಣೆ ಯಾರದು ಅಂತ ಬರೆದಿದ್ದಾರಾ ನೋಡಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು, ಎದುರಿನ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲು 2016ರಲ್ಲಿ ಬಿತ್ತು. ಆಮೇಲೆ ಶುರುವಾದ ಕೆಡವೋದಾ ಉಳಿಸೋದಾ ಅನ್ನೋ ವ್ಯಾಜ್ಯ ವರ್ಷಗಟ್ಟಲೆ ಎಳೀತು.

ಬೀದಿ ಬದಿ ವ್ಯಾಪಾರಿಗಳನ್ನ ‘ಅಡಚಣೆ’ ಅಂತ ಕರಡಿನಲ್ಲಿ ಬರೆದಿದ್ದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ನೆನಪಿಸಿ. ವಾರ್ಡು ಅಥವಾ ಊರಿನ ಜನಸಂಖ್ಯೆಯ ಶೇ. 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಕೊಡೋ ಮಾತು ಅದರಲ್ಲೇ ಇದೆ. ಹೂವಿನ ಅಜ್ಜಿ ಕೂರೋ ಕಡೆ ಗಿರಾಕಿ ನಿಲ್ತಾನೆ, ಇದನ್ನ ಪಕ್ಕದ ಅಂಗಡಿಯವರೂ ಒಪ್ತಾರೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ಇನ್ನು ಆಕ್ಷೇಪಣೆ. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಕರಡು ಪ್ರಕಟವಾದ ಮೇಲೆ 60 ದಿನ ಸಮಯ ಇರುತ್ತೆ. ಹತ್ತು ವರ್ಷಕ್ಕೊಮ್ಮೆ ಯೋಜನೆ ಪರಿಷ್ಕರಿಸಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತೆ, ಆದರೆ ಅದನ್ನ ನಂಬಿ ಕೂರಬೇಡಿ. 2015ರವರೆಗೆ ಅಂತ 2007ರಲ್ಲಿ ಅನುಮೋದನೆಯಾದ ಬೆಂಗಳೂರಿನ ಯೋಜನೆ 2015 ಕಳೆದ ಮೇಲೂ ವರ್ಷಗಟ್ಟಲೆ ಓಡಿತು. ‘ಪೇಟೆಯ ಪರಂಪರೆ ಉಳಿಸಿ’ ಅಂತ ಬರೆದರೆ ಓದಿ ಫೈಲಿಗೆ ಸೇರಿಸ್ತಾರೆ. ನಕ್ಷೆಯ ಹಾಳೆ ಸಂಖ್ಯೆ, ರಸ್ತೆ ಹೆಸರು, ಸರ್ವೆ ನಂಬರ್ ಹಾಕಿ, ಇಲ್ಲಿ ಈ ಗೆರೆ ತೆಗೀರಿ, ಈ ಕಚೇರಿ ಇಲ್ಲೇ ಇರಲಿ ಅಂತ ಒಂದೊಂದಾಗಿ ಕೇಳಿ. ಅಂಗಡಿಯವರು ಒಬ್ಬೊಬ್ಬರೂ ಬೇರೆ ಬೇರೆ ಅರ್ಜಿ ಕೊಡಲಿ, ಮೊಹರು ಹಾಕಿದ ಸ್ವೀಕೃತಿ ಕೈಗೆ ಬರೋವರೆಗೆ ಕೌಂಟರ್ ಬಿಡಬೇಡಿ.

ಅಗಲೀಕರಣದ ಗೆರೆ ನಿಮ್ಮ ಬೀದಿ ಮೇಲೆ ಇದೆಯಾ ಅಂತ ಮೊದಲು ನೋಡಿ ಇಲ್ಲೇ ತಿಳಿಸಿ, ಅದಕ್ಕೆ ತಕ್ಕ ಹಾಗೆ ಮುಂದಿನದು ಹೇಳ್ತೀನಿ.